ಬೆನ್ನಿಗೂ ಕಿವಿಗೊಟ್ಟವಳು

ಬಹಳ ಹಿಂದೆ, ಏಳುಕೋಡು ಎಂಬ ರಾಜ್ಯದಲ್ಲಿ, ಉಪ್ಪುನೀರಿನ ಹೊಳೆಯ ಈಚೆ ಕುರಿಗಾರರಿದ್ದರು, ಆಚೆ ಉಪ್ಪು ಬೇಯಿಸುವವರಿದ್ದರು. ನಡುವಿನ ಸೇತುವೆಯ ಮೇಲೆ ಘೂರ್ಮನೆಂಬ ಮಾಂತ್ರಿಕ ಕೂತಿದ್ದ. ಎರಡು ದಡಗಳ ಜಗಳವೇ ಅವನ ಊಟ. ಆಚೆಯವರ ದೂರು ಕೇಳಲು ನಿಂತವರ ಪಾದ ಕಲ್ಲಾಗುತ್ತಿತ್ತು. ಮಾತಿನ ನಡುವೆ ಎದುರಾಡಿದರೆ ಮೈಯೆಲ್ಲ ಕಲ್ಲು. ಕುರಿಗಾರರ ಹುಡುಗಿ ಹೊಂಬಾಳೆ ಹಾಗೇ ಕಲ್ಲಾಗಿದ್ದಳು.

ಅವಳ ತಂಗಿ ಜಕ್ಕವ್ವ ಎದ್ದು ನಿಂತಳು. "ದೂರನ್ನು ಕೊನೆವರೆಗೆ ಕೇಳಿದರೆ ಏನಾಗುತ್ತದೆಂದು ಯಾರೂ ನೋಡಿಲ್ಲ. ನಾನು ನೋಡ್ತೀನಿ."

"ಹೋದರೆ ಈ ಮನೆಗೆ ಬರಬೇಡ" ಎಂದ ಅಪ್ಪ.

"ಬರ್ತೀನಪ್ಪ. ಅಕ್ಕನನ್ನೂ ಕರ್ಕೊಂಡು."

ಸೇತುವೆಯ ಮೊದಲ ಕಂಬದಲ್ಲಿ ಆಚೆ ದಡದ ಕಾಗೆ ಕೂತಿತ್ತು. "ನಿಮ್ಮ ಕುರಿಗಳು ನಮ್ಮ ತಿಂಗಳ ಉಪ್ಪು ತುಳಿದವು!" ಜಕ್ಕವ್ವ ಮೊಣಕಾಲವರೆಗೆ ಕಲ್ಲಾದಳು.

"ಸುಳ್ಳು ಅನ್ನು, ಬಿಟ್ಟುಬಿಡ್ತೀನಿ" ಎಂದ ಘೂರ್ಮ.

"ಆಮೇಲೆ?" ಎಂದಳು ಕಾಗೆಗೆ. ಕಲ್ಲುಕಾಲು ಎಳೆಯುತ್ತ ನಡೆದಳು.

ಎರಡನೆಯ ಕಂಬದಲ್ಲಿ ಆಚೆ ದಡದ ಬಿಳಿಹುಲಿ. "ನಾವು ಮುಟ್ಟಿದರೆ ನಿಮ್ಮ ಸಿಹಿನೀರಿನ ಒರತೆ ಕೆಡುತ್ತದೆಂದು ನಮ್ಮ ಕೊಡ ಒಡೆದಿರಿ!" ಸೊಂಟದವರೆಗೆ ಕಲ್ಲಾಯಿತು.

"ಸುಳ್ಳು ಅನ್ನೇ!"

"ಆಮೇಲೆ?" ಕೈಯೂರಿ ತೆವಳಿದಳು.

ಮೂರನೆಯ ಕಂಬದಲ್ಲಿ, ಕಲ್ಲಾದ ಹೊಂಬಾಳೆಯ ಪಕ್ಕ, ಉಪ್ಪಿನವರ ಲಕುಮಜ್ಜಿ. "ನನ್ನ ಮಗ ನೀರು ಕೇಳಿದ. ನಿನ್ನಪ್ಪ ದೊಣ್ಣೆ ಎತ್ತಿದ." ಕಲ್ಲು ಕುತ್ತಿಗೆಗೇರಿತು. ಅಜ್ಜಿ ಸರಕ್ಕನೆ ಬೆನ್ನು ತಿರುಗಿಸಿದಳು.

ಘೂರ್ಮ ಚಪ್ಪಾಳೆ ತಟ್ಟಿದ. "ನೋಡಿದೆಯಾ? ಬೆನ್ನು ತೋರಿಸ್ತಾಳೆ! ಈ ಅವಮಾನಕ್ಕೇ ನಿನ್ನಕ್ಕ ಕೂಗಿ ಕಲ್ಲಾದದ್ದು."

ಜಕ್ಕವ್ವ ಆ ಬೆನ್ನಿನ ಮೇಲೇ ಕಣ್ಣಿಟ್ಟಳು.

"ಬೆನ್ನು ತಿರುಗಿಸಿದರೂ ಕೇಳಿಸುತ್ತೆ. ಹೇಳಜ್ಜಿ."

"ಸತ್ತವರ ಮಾತು ಆಡುವಾಗ ನಾವು ಮುಖ ತೋರಿಸೋದಿಲ್ಲ, ಮಗಾ" ಎಂದಳು ಅಜ್ಜಿ. "ಬಾಯಾರಿಯೇ ಸತ್ತ. ಅವನ ಹೆಸರು ಕೆಂಚ. ಅಷ್ಟೇ."

ಅಷ್ಟೇ ಎಂದದ್ದೇ ತಡ, ಕಲ್ಲು ಸಿಪ್ಪೆಯಂತೆ ಉದುರಿತು. ಹೊಂಬಾಳೆ ಕಣ್ಣು ಬಿಟ್ಟಳು. ಊಟವಿಲ್ಲದ ಘೂರ್ಮ ಕುಗ್ಗಿ ಕುಗ್ಗಿ ಸೊಳ್ಳೆಯಾಗಿ ಹಾರಿಹೋದ.

ಅಕ್ಕತಂಗಿಯರು ಅಜ್ಜಿಯನ್ನು ಕರೆದುಕೊಂಡು, ಅವಳ ಕೊಡ ಹೊತ್ತು ಒರತೆಗೆ ಬಂದರು. ಅಪ್ಪ ದೊಣ್ಣೆ ಅಡ್ಡ ಹಿಡಿದ. "ಆ ಕೊಡ ಇಳಿಸು!"

"ಇಳಿಸೋದಿಲ್ಲ. ನಾನು ಕಲ್ಲಾಗುತ್ತ ಕೇಳಿದ್ದೀನಿ. ನೀನು ನಿಂತು ಕೇಳಪ್ಪ" ಎಂದಳು ಜಕ್ಕವ್ವ.

ಅಜ್ಜಿ ಬೆನ್ನು ತಿರುಗಿಸಿ ಮತ್ತೆ ಹೇಳಿದಳು. ಕೆಂಚನ ಹೆಸರು ಬರುವ ಹೊತ್ತಿಗೆ ದೊಣ್ಣೆ ನೆಲದಲ್ಲಿತ್ತು. ಅಪ್ಪನೇ ಬಗ್ಗಿ ಕೊಡ ತುಂಬಿದ.

ಅಂದಿನಿಂದ ಆ ಒರತೆಯಲ್ಲಿ ಎರಡೂ ದಡದ ಕೊಡಗಳು. ಜಗಳ ಈಗಲೂ ಉಂಟು, ಆದರೆ ಒಬ್ಬರ ಮಾತು ಮುಗಿದ ಮೇಲೆಯೇ ಇನ್ನೊಬ್ಬರದು. ಹೀಗೆ ಎಲ್ಲರೂ ತಣ್ಣನೆ ನೀರು ಕುಡಿದು ನೂರ್ಕಾಲ ಸುಖವಾಗಿ ಬಾಳಿದರು.