ಯಾವ ‘ಬತ್ತೀನಿ’?

‘ಆ ವಾಯ್ಸ್ ಯಾರ್ದು ಅಂತ ನಂಗೊತ್ತು. ಹೇಳಲ್ಲ!’

ಅಶ್ವಿನಿ ಎಂಬ ಹೆಸರಿನಲ್ಲಿ ಬಂದಿದ್ದ ಆ ಕಾಮೆಂಟಿನ ತುದಿಗೆ ಕಣ್ಣು ಮಿಟುಕಿಸುವ ಎಮೋಜಿ. ಅದಕ್ಕೆ ಓಂಕಾರೇಶ ಕೊಟ್ಟಿದ್ದ ಕೆಂಪು ಹಾರ್ಟು. ವಿದ್ಯಾಶ್ರೀಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಂಪುರದಲ್ಲಿ ಅಪ್ಪನ ಗೊಬ್ಬರದ ಅಂಗಡಿಯ ಬಿಲ್ ಹಾಕುತ್ತ ಕೂತಿದ್ದವಳು ಯೂರಿಯಾ ಕೇಳಿದವರಿಗೆ ಪೊಟ್ಯಾಷ್ ಬಿಲ್ ಹಾಕಿಕೊಟ್ಟಳು.

ಓಂಕಾರೇಶ ಬೀರೂರಿನವನು. ಮದುವೆ ಮನೆಗಳಿಗೆ ಸೌಂಡ್ ಸಿಸ್ಟಮ್ ಹಾಕುವುದು ಅವನ ಕಸುಬು. ಡ್ರಮ್ ಅಂಡ್ ಬಾಸ್ ಎಂಬ ಎದೆಗೂಡು ಅದುರಿಸುವ ಸಂಗೀತ ಅವನ ಹುಚ್ಚು. ಎಮ್ಮೆದೊಡ್ಡಿ ಕಾವಲಿನ ಹುಲ್ಲಲ್ಲಿ ಮೇಯುವ ದನಗಳ ಗಂಟೆ, ಬೀರೂರು ಜಂಕ್ಷನ್ನಿನಲ್ಲಿ ಬೋಗಿ ಜೋಡಿಸುವ ಸದ್ದು, ಹಿಟ್ಟಿನ ಗಿರಣಿಯ ಬೆಲ್ಟು, ಎಲ್ಲವನ್ನೂ ರೆಕಾರ್ಡ್ ಮಾಡಿ, ಕತ್ತರಿಸಿ, ವೇಗ ಹೆಚ್ಚಿಸಿ, ‘ಕಾವಲು’ ಎಂಬ ಆಲ್ಬಮ್ ಕಟ್ಟಿ ಯೂಟ್ಯೂಬಿಗೆ ಹಾಕಿದ್ದ. ಅದು ಹೊರಬರುವ ಹೊತ್ತಿಗೆ ಅವನಿಗೂ ವಿದ್ಯಾಶ್ರೀಗೂ ಮಾತು ನಿಂತು ನಾಲ್ಕು ತಿಂಗಳಾಗಿತ್ತು.

ಕೇಳಿದವರು ಸುಮ್ಮನಿರಲಿಲ್ಲ. ‘ಸ್ಪೀಕರ್ ಕೆಟ್ಟೋಗಿದೆ ಅಂತ ಬಿಚ್ಚಿಟ್ಟೆ ಗುರೂ’ ಎಂದ ಒಬ್ಬ. ‘ಕಣ್ಮುಚ್ಚಿ ಕೇಳಿ, ಮಂದೆ ನಡುವೆ ನಿಂತಂಗಾಗುತ್ತೆ’ ಎಂದ ಮತ್ತೊಬ್ಬ. ವಿದ್ಯಾಶ್ರೀಯ ಅಮ್ಮ ಪ್ರೇಮಮ್ಮನಂತೂ ಅಡುಗೆಮನೆಯಿಂದಲೇ, “ಯಾರ್ ಹೊಲದಾಗೆ ಬೋರ್ ಕೊರೀತಾವ್ರೆ?” ಎಂದು ಕೇಳಿದ್ದಳು.

ಇದನ್ನೆಲ್ಲ ಅವಳು ಸಹಿಸಿಕೊಂಡಳು. ಸಹಿಸಲಾಗದ್ದು ಮೂರನೆಯ ಟ್ರ್ಯಾಕು. ಡ್ರಮ್ಮಿನ ಏಟುಗಳ ಸಂದಿಯಲ್ಲಿ ಅಳಿಲಿನಂತೆ ಚುರುಕಾದ ಒಂದು ಹೆಣ್ಣು ದನಿ: ಬತ್ತೀನಿ, ಬತ್ತೀನಿ, ಬತ್, ಬತ್, ಬತ್ತೀನಿ. ಇಡೀ ಆಲ್ಬಮ್ಮಿನಲ್ಲಿದ್ದ ಮನುಷ್ಯರ ಮಾತು ಅದೊಂದೇ. ‘ಬರ್ತಾಳಂತೆ, ಲಕ್ಕಿ ಬ್ರೋ!’ ಎಂದು ಜನ ಕುಣಿದಾಡಿದ್ದರು. ‘ಆ ಹುಡುಗಿ ಅಳ್ತಿದಾಳೆ ಅನ್ಸುತ್ತೆ’ ಎಂದು ಬರೆದ ಒಬ್ಬನನ್ನು ಉಳಿದವರೆಲ್ಲ ಸೇರಿ ಗೇಲಿ ಮಾಡಿದ್ದರು.

ವಿದ್ಯಾಶ್ರೀ ‘ಸತ್ಯವಂತ’ ಎಂಬ ಸುಳ್ಳು ಹೆಸರು ಇಟ್ಟುಕೊಂಡು ತಾನೂ ಬರೆದಳು: ‘ಮ್ಯೂಸಿಕ್ ಓಕೆ. ಆ ಹುಡುಗಿಯ ದನಿ ಮಾತ್ರ ಕೀರಲು. ತೆಗೆದುಹಾಕಿ.’

ಬರೆದ ಮೇಲೂ ಹೊಟ್ಟೆಯುರಿ ತಣಿಯಲಿಲ್ಲ. ಬಿಟ್ಟು ಬಂದವಳು ತಾನೇ, ಅವನು ಯಾರ ದನಿ ಹಾಕಿಕೊಂಡರೆ ತನಗೇನು ಎಂದು ನೂರು ಸಲ ಹೇಳಿಕೊಂಡಳು. ನೂರು ಸಲವೂ ಬೆರಳು ಮೂರನೆಯ ಟ್ರ್ಯಾಕನ್ನೇ ಒತ್ತುತ್ತಿತ್ತು.

ಬಿಟ್ಟು ಬಂದದ್ದಕ್ಕೆ ಕಾರಣ ಒಂದೇ ಒಂದು ‘ಶ್!’. ಅವತ್ತು ಎಮ್ಮೆದೊಡ್ಡಿ ಕಾವಲಿನಲ್ಲಿ ಅವನು ಹೆಡ್‌ಫೋನ್ ಹಾಕಿಕೊಂಡು ಮೈಕು ಹಿಡಿದು ನಿಂತಿದ್ದ. ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತನ್ನು ಅವಳು ಧೈರ್ಯ ಮಾಡಿ ಕೇಳಿದ್ದಳು. “ನಮ್ಮನೆಗೆ ಯಾವಾಗ ಬತ್ತೀಯ? ಅಪ್ಪಾಜಿ ಹತ್ರ ಮಾತಾಡೋಕೆ?” ಅದೇ ಹೊತ್ತಿಗೆ ದನಗಳು ತಿರುಗಿ, ಕೊರಳ ಗಂಟೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಅವನು ಅವಳ ಕಡೆ ನೋಡದೆ, ತುಟಿಯ ಮೇಲೆ ಬೆರಳಿಟ್ಟು ‘ಶ್!’ ಎಂದ. ಸಂಜೆ ಬೀರೂರು ಸ್ಟೇಷನ್ನಿನಲ್ಲಿ ಅವಳು “ಬತ್ತೀನಿ” ಎಂದಷ್ಟೇ ಹೇಳಿ ರೈಲು ಹತ್ತಿದ್ದಳು. ಆಮೇಲೆ ಅವನ ಫೋನ್ ಎತ್ತಲಿಲ್ಲ.

ಈಗ ಬೀರೂರಿನ ಬಸ್ಸು ಹತ್ತಿದ್ದೂ ಅವಳೇ. ಸ್ಟೇಷನ್ ರಸ್ತೆಯ ಅವನ ಕೋಣೆಯ ಬಾಗಿಲಲ್ಲಿ ನಿಂತಾಗ ಓಂಕಾರೇಶ ಸ್ಪೀಕರ್ ಡಬ್ಬದ ವೈರು ಬಿಗಿಯುತ್ತಿದ್ದ. ಅವಳನ್ನು ಕಂಡದ್ದೇ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಗಡ್ಡ ಬಂದಿತ್ತು. ಗಡ್ಡ ಅವನಿಗೆ ಒಪ್ಪುತ್ತಿತ್ತು, ಅದೂ ಅವಳಿಗೆ ಸಿಟ್ಟು ತಂದಿತು.

“ಬಾ ವಿದ್ಯಾ, ಕೂತ್ಕೋ.”

“ಕೂರಕ್ಕೆ ಬಂದಿಲ್ಲ. ಅಶ್ವಿನಿ ಯಾರು?”

“ಯಾವ ಅಶ್ವಿನಿ?”

“ಓಹೋ! ಎಷ್ಟ್ ಜನ ಅಶ್ವಿನಿಯರಿದಾರೆ ನಿಂಗೆ?”

“ತರೀಕೆರೆ ಅಶ್ವಿನೀನಾ? ದೊಡ್ಡಪ್ಪನ ಮಗಳು ಕಣೇ, ನಮ್ಮಕ್ಕ. ಅವಳ ಮಗಳು ಈ ಸಲ ಎಸ್ಸೆಸ್ಸೆಲ್ಸಿ.”

ವಿದ್ಯಾಶ್ರೀಯ ಮುಖ ಕೆಂಪಾಯಿತು. ಆದರೆ ಅಷ್ಟು ದೂರ ಹೊತ್ತು ತಂದ ಸಿಟ್ಟನ್ನು ಬರಿಗೈಲಿ ವಾಪಸ್ಸು ಒಯ್ಯುವುದು ಹೇಗೆ?

“ಸರಿ. ಹಂಗಾದ್ರೆ ಬತ್ತೀನಿ, ಬತ್ತೀನಿ ಅಂತ ಕುಣೀತಾಳಲ್ಲ, ಅವಳ್ಯಾರು?”

ಓಂಕಾರೇಶ ಅವಳನ್ನೇ ನೋಡಿದ. ಗಡ್ಡದೊಳಗೆ ನಗು ಮೂಡಲೋ ಬೇಡವೋ ಎಂದು ಅಂಜುತ್ತಿತ್ತು. ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದು ಡ್ರಮ್ ತೆಗೆದ, ಬಾಸ್ ತೆಗೆದ. ಆಮೇಲೆ ದನಿಯ ವೇಗ ಇಳಿಸುತ್ತ ಬಂದ. ಅಳಿಲು ಮಗುವಾಯಿತು, ಮಗು ಹುಡುಗಿಯಾಯಿತು. ಹಿಂದೆಯೇ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟು ಕೇಳತೊಡಗಿತು.

ಬತ್ತೀನಿ.

ಅವಳದೇ ದನಿ. ಅವತ್ತು ಸಿಟ್ಟಿನಿಂದ ಹೇಳಿದ್ದೆ ಎಂದೇ ಅವಳು ತಿಳಿದಿದ್ದಳು. ಇಲ್ಲಿ ಕೇಳಿದರೆ ಆ ದನಿಯಲ್ಲಿ ಅಳುವಿತ್ತು.

“ನಾನೇನ್ ಅಳ್ತಿರ್ಲಿಲ್ಲ,” ಎಂದಳು ಮೆಲ್ಲಗೆ.

“ನಾನೂ ಹಂಗೇ ಅನ್ಕೊಂಡಿದ್ದೆ. ಸ್ಟೇಷನ್ ಸೌಂಡಿಗೆ ಅಂತ ಮೈಕ್ ಆನ್ ಇತ್ತು, ನಿನ್ ಮಾತೂ ಬಂದ್ಬಿಟ್ಟಿತ್ತು. ಫೋನ್ ಎತ್ಲಿಲ್ಲ ನೀನು. ಉಳಿದಿದ್ದು ಅದೊಂದೇ, ದಿನಾ ಹಾಕ್ಕೊಂಡು ಕೂರ್ತಿದ್ದೆ. ಯಾರ್ ದನಿ ಅಂತ ಅಶ್ವಿನಿ ಅಕ್ಕಂಗೆ ಮಾತ್ರ ಹೇಳಿದ್ದೆ. ನಿನ್ನ ಕೇಳದೆ ಹಾಡಿಗೆ ಹಾಕಿದ್ದು ತಪ್ಪು ಕಣೇ.” ಅವನು ತಲೆ ತಗ್ಗಿಸಿದ. “ಆ ಕಾಮೆಂಟ್ ನೋಡಿದ್ಯಾ? ‘ಅಳ್ತಿದಾಳೆ’ ಅಂತ? ಅವನ ಮೇಲೆ ಎಷ್ಟ್ ಹೊಟ್ಟೆ ಉರೀತು ಗೊತ್ತಾ? ಎಲ್ಲೋ ಕೂತಿರೋನು ಒಂದೇ ಸಲಕ್ಕೆ ಕೇಳಿಸ್ಕೊಂಡ. ಪಕ್ಕದಲ್ಲಿ ನಿಂತಿದ್ದ ನಂಗೆ ಅವನು ಹೇಳಿದ್ಮೇಲೆ ಕೇಳಿಸ್ತು.”

ಅವನಿಗೂ ಹೊಟ್ಟೆಯುರಿ! ನಾಲ್ಕು ತಿಂಗಳಲ್ಲಿ ಅವಳಿಗೆ ಮೊದಲ ಬಾರಿಗೆ ಹಾಯೆನಿಸಿತು.

“ನಮ್ ಕಡೆ ಹೋಗೋರೂ ಬತ್ತೀನಿ ಅಂತಾರೆ, ಬರೋರೂ ಬತ್ತೀನಿ ಅಂತಾರೆ,” ಎಂದ ಅವನು. “ನಿಂದ್ ಯಾವ ಬತ್ತೀನಿ ಅಂತ ಹಿಂದಕ್ಕೂ ಮುಂದಕ್ಕೂ ಓಡ್ಸಿ ಕೇಳ್ದೆ. ಗೊತ್ತಾಗ್ಲೇ ಇಲ್ಲ. ನಿನ್ ದನೀನ ಕೇಳ್ದೋರೆಲ್ಲ ಹೊಗಳಿದ್ರು. ಯಾವನೋ ಸತ್ಯವಂತ ಒಬ್ಬ ಮಾತ್ರ ಕೀರಲು ಅಂದಿದಾನೆ, ಸಿಗ್ಲಿ ಅವನು.”

“ಅವನ್ ವಿಷ್ಯ ಬಿಡು,” ಎಂದಳು ವಿದ್ಯಾಶ್ರೀ ಗಡಿಬಿಡಿಯಿಂದ. “ಅವತ್ತು ಕಾವಲಲ್ಲಿ ಒಂದ್ ಮಾತು ಕೇಳಿದ್ದೆ. ಈಗ ಮತ್ತೆ ಕೇಳ್ತೀನಿ, ಇದೇ ಕೊನೆ. ನಮ್ಮನೆಗೆ ಯಾವಾಗ ಬತ್ತೀಯ?”

“ಬತ್ತೀನಿ.”

“ಯಾವ ಬತ್ತೀನಿ?”

“ಬರೋ ಬತ್ತೀನಿ ಕಣೇ. ಭಾನುವಾರ, ಬೆಳಗ್ಗೆ ಮೊದಲ್ನೇ ಬಸ್ಸಿಗೆ. ಅಮ್ಮನ್ನೂ ಅಶ್ವಿನಿ ಅಕ್ಕನ್ನೂ ಕರ್ಕೊಂಡು.”

ಅವಳು ಬ್ಯಾಗಿನಿಂದ ಫೋನ್ ತೆಗೆದು, ರೆಕಾರ್ಡ್ ಒತ್ತಿ, ಅವನ ಬಾಯಿಯ ಹತ್ತಿರ ಹಿಡಿದಳು. “ಇನ್ನೊಂದ್ಸಲ ಹೇಳು.”

“ಯಾಕೆ, ಎಲ್ಲಿ ಹಾಕ್ತೀಯ ಅದನ್ನ?”

“ಶ್!”

ಅವಳ ಬೆರಳು ಈ ಸಲ ಇದ್ದದ್ದು ಅವನ ತುಟಿಯ ಮೇಲೆ. ಅವನು ನಗು ತಡೆದುಕೊಂಡು ಮೊದಲಿನಿಂದ ಪೂರ್ತಿ ಹೇಳಿದ.

ವಾಪಸ್ಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಅದನ್ನೇ ಕೇಳಿದಳು. ಅಜ್ಜಂಪುರ ಹತ್ತಿರವಾದಾಗ ಸತ್ಯವಂತನ ಕಾಮೆಂಟನ್ನು ಅಳಿಸಿಹಾಕಿದಳು. ಆಮೇಲೆ ಅಶ್ವಿನಿಯ ‘ಹೇಳಲ್ಲ!’ ಹುಡುಕಿ, ಅದರ ಕೆಳಗೆ ತನ್ನ ಸ್ವಂತ ಹೆಸರಿನಲ್ಲೇ ಬರೆದಳು:

‘ಹೇಳ್ಬೇಡಿ ಅಕ್ಕಾ.’