ದಿಂಬು ಉದುರಿಸದ ಕೂದಲು

ಬಾಗಿಲ ಬೆಲ್ ಆದಾಗ ಅವಳು ಸೋಫಾದ ಮೇಲೆ ಕೂದಲು ಉದುರಿಸುತ್ತಿದ್ದಳು.

ನಾಯಿಯ ಕೂದಲನ್ನೇ. ನಾಯಿ ಮಾತ್ರ ಪಕ್ಕದಲ್ಲಿ ಕೂತು, ತನ್ನ ಕೆಲಸವನ್ನು ಇನ್ನೊಬ್ಬರು ಮಾಡುತ್ತಿರುವುದನ್ನು ಕತ್ತು ಓರೆ ಮಾಡಿ ನೋಡುತ್ತಿತ್ತು.

ನಾಯಿಯ ಹೆಸರು ದಿಂಬು. ಮನೆಗೆ ತಂದಾಗ ದಿಂಬಿನಷ್ಟಿತ್ತು, ಈಗ ಹಾಸಿಗೆಯಷ್ಟಾಗಿದೆ. ಬಿಸಿಲು ಏರಿದ ಹಾಗೆಲ್ಲ ಅದರ ಒಳಗೂದಲು ಕಿತ್ತುಬರಲು ಶುರುವಾಗಿ, ಮಂಚದಡಿ, ಪರದೆಯಂಚು, ಸ್ವೆಟರು ಎಲ್ಲ ಕಡೆಯೂ ಬಿಳಿಯ ಉಂಡೆಗಳು. ಒಂದು ಬೆಳಿಗ್ಗೆ ಅಮ್ಮ ಕಾಫಿಯೊಳಗಿಂದ ಉದ್ದನೆಯ ಕೂದಲೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತೀರ್ಪು ಕೊಟ್ಟುಬಿಟ್ಟರು.

"ಇನ್ನೊಂದ್ಸಲ ಮನೆ ಹೀಗಾದ್ರೆ ಇವ್ನು ನಿನ್ನ ಚಿಕ್ಕಪ್ಪನ ಮನೆಗೆ."

ಚಿಕ್ಕಪ್ಪನ ಮನೆಯಲ್ಲಿ ನಾಯಿಯನ್ನು ಹಗಲಿಡೀ ಕಟ್ಟಿಹಾಕುತ್ತಾರೆ.

ಆಗ ಬಂದವನೇ ಅವನು. ಮನೆಮನೆಗೆ ಹೋಗಿ ನಾಯಿಗಳಿಗೆ ಸ್ನಾನ ಮಾಡಿಸಿ, ಬಾಚಿ, ಉಗುರು ಕತ್ತರಿಸುವ ಗ್ರೂಮರ್. ಅಮ್ಮ ಮೊದಲ ದಿನವೇ ಅವನಿಗೆ 'ಬ್ರಷ್ ಮಹಾಶಯ' ಎಂದು ಹೆಸರಿಟ್ಟರು.

ಅವಳೋ ಅಂಗಡಿಯಲ್ಲಿ ಪೆನ್ನು ಕೇಳುವ ಮೊದಲೂ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತೀಡುವ ಹುಡುಗಿ. ಡಿಗ್ರಿ ಕೈಗೆ ಬಂದಿತ್ತು, ಬಾಯಿಯ ಬೀಗ ಮಾತ್ರ ತೆರೆದಿರಲಿಲ್ಲ. ಅವನು ಏನೋ ಕೇಳಿದರೆ ತಲೆ ತಗ್ಗಿಸಿ ನಾಯಿಗೆ ಉತ್ತರ ಹೇಳಿದಳು.

"ದಿಂಬು, ನಿಂಗೆ ಕಿವಿ ಮುಟ್ಟಿದ್ರೆ ಆಗಲ್ಲ, ಅಲ್ವಾ?"

ಅವನು ಒಂದು ಕ್ಷಣ ಅವಳನ್ನು ನೋಡಿದ. ತುಟಿಯಂಚಿನಲ್ಲಿ ನಗು ಬಂದು, ನಿಂತು, ಒಳಗೇ ಹೋಯಿತು. ಅವನೂ ನಾಯಿಯ ಕಡೆ ತಿರುಗಿದ.

"ದಿಂಬು, ನಿಮ್ಮಕ್ಕಂಗೆ ಹೇಳು. ಕೂದ್ಲು ಸೀಳಿ ಹಿಡ್ಕೊಂಡು ಬುಡದಿಂದ ಬಾಚ್ಬೇಕು. ಮೇಲ್ಮೇಲೆ ಸವರಿದ್ರೆ ಅದು ಮುದ್ದು ಮಾಡ್ದಂಗೆ, ಅಷ್ಟೇ."

"ದಿಂಬು, ಮೊದ್ಲು ಸ್ನಾನಾನಾ, ಬಾಚೋದಾ ಅಂತ ಕೇಳು."

"ಬಾಚೋದು ಅಂತ ಹೇಳು. ಗಂಟು ನೆಂದ್ರೆ ಇನ್ನೂ ಬಿಗಿಯುತ್ತೆ."

ಹೀಗೆ ಭಾನುವಾರದ ಮೇಲೆ ಭಾನುವಾರ. ಇಬ್ಬರ ನಡುವೆ ದೂತನಾಗಿ ದಿಂಬು ಆಕಳಿಸುತ್ತಿತ್ತು.

ತೊಡಕಾದದ್ದು ಅವಳು ಚೆನ್ನಾಗಿ ಕಲಿತದ್ದರಿಂದ. ದಿಂಬುವನ್ನು ಉಳಿಸಿಕೊಳ್ಳಬೇಕಿತ್ತಲ್ಲ, ದಿನಾ ಸಂಜೆ ಬಾಲ್ಕನಿಯಲ್ಲಿ ಕೂತು ಬಾಚಿದಳು. ಮನೆ ಕನ್ನಡಿಯಂತಾಯಿತು. ನಿನ್ನೆ ಅಮ್ಮ ಸೋಫಾದ ಮೇಲೆ ಬೆರಳಾಡಿಸಿ, "ನೀನೇ ಮಾಡ್ತೀಯಲ್ಲೇ ಚೆನ್ನಾಗಿ. ಇನ್ಮೇಲೆ ಬರೋದು ಬೇಡ ಅಂತ ನಾಳೆ ಬ್ರಷ್ ಮಹಾಶಯನಿಗೆ ಹೇಳ್ಬಿಡ್ತೀನಿ" ಎಂದರು.

ಕೂದಲಿದ್ದರೆ ದಿಂಬು ಹೋಗುತ್ತದೆ. ಇಲ್ಲದಿದ್ದರೆ ಅವನು ಬರುವುದಿಲ್ಲ.

ಬಾಚಿದ ಕೂದಲೆಲ್ಲ ಒಂದು ಚೀಲದಲ್ಲಿ ಉಳಿದಿತ್ತು. ಇವತ್ತು ಅಮ್ಮ ತರಕಾರಿಗೆ ಹೋಗಿದ್ದರು. ಅವರು ಬರುವುದರೊಳಗೆ ಅವನು ಇದನ್ನು ನೋಡಿ 'ಇನ್ನೂ ಕೆಲಸವಿದೆ' ಅನ್ನಬೇಕು, ತಕ್ಷಣ ಗುಡಿಸಿಬಿಡಬೇಕು. ಇದು ಅವಳ ಉಪಾಯ.

ಅವನು ಒಳಗೆ ಬಂದ. ಸೋಫಾ ನೋಡಿದ. ಕಾರ್ಪೆಟ್ ನೋಡಿದ. ನಿಧಾನವಾಗಿ ತಲೆಯೆತ್ತಿ ಪುಸ್ತಕದ ಕಪಾಟಿನ ತುದಿ ನೋಡಿದ.

"ದಿಂಬು," ಎಂದ ಗಂಭೀರವಾಗಿ, "ನೀನು ಅಲ್ಲಿಗೆ ಯಾವಾಗ ಹತ್ತಿದ್ಯೋ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಅವನು ಸೋಫಾದಿಂದ ಒಂದು ಗೊಂಚಲು ಎತ್ತಿಕೊಂಡ. ಬ್ರಷ್ಷಿನಿಂದ ಬಿಡಿಸಿದ ಅಚ್ಚಿನಲ್ಲೇ ಚಪ್ಪಟೆಯಾಗಿ ಕೂತಿತ್ತು ಅದು. ಅವನ ಹುಬ್ಬು ಮೇಲೇರಿತು. ಅಷ್ಟರಲ್ಲಿ ಹಿಂದೆ ಬಾಗಿಲು ಸದ್ದಾಯಿತು.

"ಅಯ್ಯೋ ನನ್ನ ಕರ್ಮವೇ!" ಅಮ್ಮನ ಕೈಯ ಚೀಲದಿಂದ ಟೊಮೆಟೊ ಉರುಳಿದವು. "ನಿನ್ನೆ ತಾನೇ ಹೊಗಳಿದ್ದೆ! ಸಾಕಪ್ಪಾ ಸಾಕು. ಇವತ್ತೇ ಚಿಕ್ಕಪ್ಪಂಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗ್ಲಿ."

ಅಮ್ಮ ಫೋನು ಕಿವಿಗಿಟ್ಟುಕೊಂಡೂ ಆಯಿತು. ದಿಂಬು ಏನೂ ತಿಳಿಯದೆ ಬಾಲ ಆಡಿಸಿತು. ತಪ್ಪು ಮಾಡದವನ ಆ ಬಾಲ ನೋಡಿ ಅವಳೊಳಗೆ ಏನೋ ಒಡೆಯಿತು.

"ಅಮ್ಮಾ, ಇಡು ಫೋನ್! ಅವ್ನು ಉದುರ್ಸಿದ್ದಲ್ಲ. ನಾನು!"

"ನೀನಾ? ನಿಂದು ಕಪ್ಪು ಕೂದ್ಲಲ್ವೇನೇ?"

"ಅವ್ನದ್ದೇ ಕೂದ್ಲು. ಚೀಲದಲ್ಲಿತ್ತು. ನಾನೇ ಹಾಕ್ದೆ."

"ಹುಚ್ಚಾ ನಿಂಗೆ? ಯಾಕೆ?"

ತಿದ್ದಿ ತೀಡಲು ಪುರುಸೊತ್ತಿರಲಿಲ್ಲ. "ಇವ್ರು ಬರೋದು ನಿಲ್ಲಬಾರ್ದು ಅಂತ."

ಅಮ್ಮ ಮಗಳನ್ನು ನೋಡಿದರು, ಕಿವಿಯವರೆಗೂ ಕೆಂಪಾಗಿ ನಿಂತಿದ್ದ ಅವನನ್ನು ನೋಡಿದರು, ಫೋನು ಕೆಳಗಿಟ್ಟರು.

"ಬಾ ಅನ್ನೋಕೆ ಬಾಯಿರ್ಲಿಲ್ವಾ? ನನ್ನ ಸೋಫಾನೇ ಬೇಕಿತ್ತಾ?" ವ್ಯಾಕ್ಯೂಮ್ ಕ್ಲೀನರ್ ಎಳೆದು ತಂದು ಇಬ್ಬರ ನಡುವೆ ನಿಲ್ಲಿಸಿದರು. "ಇಬ್ರೂ ಸೇರಿ ಕ್ಲೀನ್ ಮಾಡಿ. ರೀ ಮಹಾಶಯ್ರೇ, ಕಾಫಿಗೆ ಸಕ್ಕರೆ ಎಷ್ಟು?"

"ನೀವು ಹಾಕಿದಷ್ಟು, ಆಂಟಿ."

ಅಮ್ಮ ಟೊಮೆಟೊ ಆರಿಸಿಕೊಂಡು ಅಡುಗೆಮನೆಗೆ ನಡೆದರು. ಚೀಲದ ವಾಸನೆ ಹಿಡಿದು ದಿಂಬುವೂ ಹಿಂದೆಯೇ ಹೋಯಿತು.

"ದಿಂಬು..." ಎಂದು ಶುರುಮಾಡಿದ ಅವನು. ದಿಂಬು ಇರಲಿಲ್ಲ. ಗಂಟಲು ಸರಿಮಾಡಿಕೊಂಡ. "ಬಾಲದ ಬುಡ, ತೊಡೆ ಹಿಂದೆ... ಅಲ್ಲಿ ಬಾಚೋದು ನಿಮಗೆ ಹೇಳ್ಕೊಟ್ಟೇ ಇರ್ಲಿಲ್ಲ ನಾನು. ಬೇಕಂತ್ಲೇ. ಅಲ್ಲಿ ಉದುರ್ತಾ ಇದ್ರೆ ನನ್ನನ್ನ ಕರೀತೀರಿ ಅಂತ."

"ಅದನ್ನ ನಾನೇ ಕಂಡ್ಕೊಂಡೆ."

"ಹೋದ್ವಾರ ನೋಡ್ದೆ. ಅಷ್ಟು ಚೆನ್ನಾಗಿ ಬಾಚಿದ್ರಲ್ಲ, ಹೊಟ್ಟೆ ಉರಿದುಹೋಯ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಮೊದಲ ಸಲ ಆ ನಗುವನ್ನು ನೇರವಾಗಿ ನೋಡಿದ, ಕಣ್ಣು ತೆಗೆಯದೆ.

"ಮುಂದಿನ ಭಾನುವಾರ ಬ್ರಷ್ ತರಲ್ಲ ನಾನು."

"ಯಾಕೆ?"

"ತಂದ್ರೆ ಕೆಲ್ಸಕ್ಕೆ ಬಂದಂಗಾಗುತ್ತೆ."

ಅವನ ಕಾಲರಿನ ಮೇಲೊಂದು ಬಿಳಿ ಕೂದಲು ಅಂಟಿತ್ತು. ಅವಳು ಕೈ ಚಾಚಿ, ಬುಡದಿಂದಲೇ ಹಿಡಿದಂತೆ ಮೆಲ್ಲಗೆ ಅದನ್ನು ತೆಗೆದಳು.

"ಇದನ್ನ ಮಾತ್ರ ನಾನು ಹಾಕಿದ್ದಲ್ಲ," ಎಂದಳು. ದಿಂಬುವಿಗಲ್ಲ, ಅವನಿಗೇ.