ಒಂದು ಹನಿ ಬೆಸುಗೆ

"ಇವೆರಡರಲ್ಲಿ ಯಾವ್ದು ಒಳ್ಳೇದು ಹೇಳಿ ಚಾಚಾ," ಎಂದು ಇನಾಯತ್ ಎರಡು ಹಳೇ ಕ್ಯಾಮೆರಾಗಳನ್ನು ತಗಡಿನಂಗಡಿಯ ಮಣೆಯ ಮೇಲಿಟ್ಟ. ಕೇಳಿದ್ದು ಫಕ್ರುದ್ದೀನ್ ಸಾಬರನ್ನು. ಕಣ್ಣು ಮಾತ್ರ ಒಳಬಾಗಿಲ ಪರದೆಯ ಮೇಲಿತ್ತು.

ಪರದೆಯ ಹಿಂದೆ ಅವರ ಮಗಳು ಹಮೀದಾ ಉಸಿರು ಬಿಗಿಹಿಡಿದಳು.

ಶಿರಾದಲ್ಲಿ ಯಾರ ಬಾವಿಗೆ ಕೊಡ ಬಿದ್ದರೂ ಮುಳುಗಿ ತೆಗೆಯುವವನು ಇನಾಯತ್. ಕೆರೆಯ ತೂಬು ನೀರಿನೊಳಗೆ ಬಿರುಕು ಬಿಟ್ಟಿರುವುದನ್ನು ಮೊದಲು ಕಂಡವನೂ ಅವನೇ. ಮಧುಗಿರಿಯಿಂದ ಬಂದ ಎಂಜಿನಿಯರ್ ನಾಗಲಿಂಗಯ್ಯ ನಕ್ಕಿದ್ದರು. "ನೀನು ಕಂಡಿದ್ದು ನನ್ನ ಫೈಲಿಗೆ ಬರಲ್ಲ ಕಣಯ್ಯಾ. ಫೋಟೋ ತಾ. ತಂದ್ರೆ ಶರಾವತಿ ಅಣೆಕಟ್ಟಿನ ಕೆಲಸಕ್ಕೆ ಕರ್ಕೊಂಡು ಹೋಗ್ತೀನಿ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಮೀನಿನಂಗೆ ಇರಬೋದು."

ನೀರೊಳಗೆ ಫೋಟೋ ತೆಗೆಯುವ ವಿಲಾಯತಿ ಕ್ಯಾಮೆರಾದ ಚಿತ್ರವನ್ನೂ ಪುಸ್ತಕದಲ್ಲಿ ತೋರಿಸಿದ್ದರು. ಅದರ ಬೆಲೆಗೆ ಶಿರಾದಲ್ಲೊಂದು ಮನೆ ಬರುತ್ತಿತ್ತು. ಅದಕ್ಕೇ ಈಗ ಹಳೇ ಕ್ಯಾಮೆರಾ, ಅದರ ಸುತ್ತ ಗಾಜಿನ ಮುಖದ ತಗಡಿನ ಪೆಟ್ಟಿಗೆ.

ಫಕ್ರುದ್ದೀನ್ ಮಡಿಚುವ ಕ್ಯಾಮೆರಾವನ್ನು ಸವರಿದರು. "ಇದು ಚೆಂದ ಐತೆ."

"ಅದು ಬೇಡ ಅಬ್ಬಾ," ಪರದೆ ಮೆಲ್ಲಗೆ ಮಾತಾಡಿತು. "ಅದಕ್ಕೆ ನಾಕು ಕೀಲಿ, ಪೆಟ್ಟಿಗೆಗೆ ನಾಕು ತೂತು. ಆ ಡಬ್ಬಿ ಕ್ಯಾಮೆರಾಕ್ಕೆ ಒತ್ತೋ ಕೀಲಿ ಒಂದೇ. ಒಂದು ತೂತಾದ್ರೆ ನೀರು ಬರದಂಗೆ ಕಾಯಬೋದು."

"ರೀಲು ತಿರುಗಿಸೋದು ಹೆಂಗೆ?" ಎಂದ ಇನಾಯತ್.

"ಮೇಲೆ ಬಂದು ತಿರುಗಿಸಿ. ಒಂದು ಮುಳುಗಿಗೆ ಒಂದು ಫೋಟೋ."

"ರೀಲಿನ ಎಂಟು ಫೋಟೋಕ್ಕೆ ಎಂಟು ಸಲ ಮುಳುಗಿಸ್ತೀರಲ್ಲ, ರಹಮ್ ಇಲ್ವಾ?"

"ಮೀನಾಗೋರಿಗೆ ಅಷ್ಟೂ ಆಗಲ್ವಾ?"

ಅವನು ನಕ್ಕ. ಅಬ್ಬಾನೂ ನಕ್ಕರು. ಅಬ್ಬಾನ ಬೆರಳು ಮಣೆಯ ಮೇಲಿದ್ದ ಕತ್ತರಿಗಾಗಿ ತಡಕಾಡಿ, ತಪ್ಪಿ, ಮತ್ತೆ ತಡಕಾಡಿತು. ಎರಡು ವರ್ಷದಿಂದ ಅವರ ಕಣ್ಣಿಗೆ ಮಂಜು. ಬೆಸುಗೆಯೆಲ್ಲ ಹಮೀದಾಳದೇ. ಊರಿಗೆ ಮಾತ್ರ ಅದು ಫಕ್ರುದ್ದೀನ್ ಸಾಬರ ಕೈಗುಣ.

ಹದಿನೈದು ದಿನಕ್ಕೆ ಪೆಟ್ಟಿಗೆಯಾಯಿತು. ಕೀಲಿಯ ತೂತಿಗೆ ಸೈಕಲ್ ಟ್ಯೂಬಿನ ರಬ್ಬರು, ಮುಚ್ಚಳಕ್ಕೆ ಮೇಣ, ತೇಲದಿರಲೆಂದು ತಳಕ್ಕೆ ಕಲ್ಲು. ಅಂಗಡಿಯಿಂದ ಏನೇ ಹೊರಗೆ ಹೋಗಲಿ, ಮೊದಲು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವುದು ಅಬ್ಬಾನ ಪದ್ಧತಿ. ಹಮೀದಾ ಖಾಲಿ ಪೆಟ್ಟಿಗೆಯನ್ನು ಮುಳುಗಿಸಿದಳು.

ಮೂಲೆಯಿಂದ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದಿತು. ಮತ್ತೊಂದು.

ಅಬ್ಬಾನಿಗೆ ಕಾಣದು. ಬಿಟ್ಟರೆ ಯಾರಿಗೂ ತಿಳಿಯದು. ರೀಲು ನೆನೆಯುತ್ತದೆ, ಎಂಜಿನಿಯರ್ ಹೊರಟುಹೋಗುತ್ತಾರೆ, ಇನಾಯತ್ ಇಲ್ಲೇ ಉಳಿಯುತ್ತಾನೆ. ಶುಕ್ರವಾರ ನಮಾಜಿನ ನಂತರ ಏನೋ ನೆಪ ತೆಗೆದು ಬರುತ್ತಾನೆ.

ಗುಳ್ಳೆಗಳು ಒಂದೊಂದೇ ಒಡೆಯುತ್ತಿದ್ದವು. ಹಮೀದಾ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಒಲೆಯಲ್ಲಿ ಬೆಸುಗೆ ಕಬ್ಬಿಣ ಕಾಯಲಿಟ್ಟಳು.

ಫೋಟೋ ತೆಗೆಯುವ ದಿನ ಅಬ್ಬಾನ ಕೈಹಿಡಿದು ಕೆರೆಗೆ ಬಂದವಳು ತೂಬಿನ ಕಲ್ಲಿನ ಮೇಲೆ ಕೂತು ಹಗ್ಗ ಹಿಡಿದಳು. ಪ್ರತಿ ಸಲ ಇನಾಯತ್ ಮೇಲೆ ಬಂದಾಗ ಮೇಣ ಕೆರೆದು, ಮುಚ್ಚಳ ತೆಗೆದು, ರೀಲು ತಿರುಗಿಸಿ, ಮತ್ತೆ ಮೇಣ ಮೆತ್ತಿದಳು. ಒದ್ದೆ ರೆಪ್ಪೆಯಡಿಯಿಂದ ಅವನು ಅವಳ ಬೆರಳುಗಳನ್ನೇ ನೋಡುತ್ತಿದ್ದ. ಎಂಟನೆಯ ಸಲ ಮುಳುಗಿದವನು ತಕ್ಷಣ ಎದ್ದುಬಂದ.

"ಇಷ್ಟು ಬೇಗನಾ?"

"ಇದು ಹತ್ತಿರದ್ದು," ಎಂದ.

ಏಳು ಫೋಟೋಗಳಲ್ಲಿ ಮೂರರಲ್ಲಿ ಬಿರುಕು ಕೈರೇಖೆಯಷ್ಟು ಸ್ಪಷ್ಟವಾಗಿತ್ತು. ಎಂಜಿನಿಯರ್ ಮಾತು ಉಳಿಸಿಕೊಂಡರು.

ಹೊರಡುವ ದಿನ ಇನಾಯತ್ ಅಂಗಡಿಗೆ ಬಂದ. ಅಬ್ಬಾ ಮಸೀದಿಗೆ ಹೋಗಿದ್ದರು. ಮಧುಗಿರಿ ಬಸ್ಸು ಆಗಲೇ ಬಂದು ನಿಂತಿತ್ತು.

"ಪೆಟ್ಟಿಗೆ ಮೂಲೇಲಿ ಒಂದು ಹನಿ ಬೆಸುಗೆ ಹೊಸದು," ಎಂದ ಪರದೆಗೆ. "ಮಿಕ್ಕಿದ್ದೆಲ್ಲ ಮಾಸಿತ್ತು, ಅದೊಂದು ಹೊಳೀತಿತ್ತು. ಅದು ಯಾರ ಕೈ ಅಂತ್ಲೂ ಗೊತ್ತು."

ಹಮೀದಾ ಕೈಯಲ್ಲಿದ್ದ ತಗಡನ್ನು ಕೆಳಗಿಟ್ಟಳು.

"ಅದನ್ನ ಹಂಗೇ ಬಿಟ್ಟಿದ್ರೆ ನಾನು ಇಲ್ಲೇ ಇರ್ತಿದ್ದೆ."

"ಗೊತ್ತು."

"ಮತ್ಯಾಕೆ ಹಾಕ್ದೆ?"

"ಮುಳುಗೋರು ನೀವು. ತೂತಿರೋ ಪೆಟ್ಟಿಗೆ ಕೊಟ್ಟು ನಿಮ್ಮನ್ನ ಇಟ್ಕೊಳ್ಳೋದಾ?"

ಅವನ ದನಿ ತಗ್ಗಿತು. "ನನ್ ಜೊತೆ ಬಾ ಹಮೀದಾ. ಚಾಚಾನ್ನ ಕೇಳ್ತೀನಿ."

ಕೇಳಿದರೆ ಅಬ್ಬಾ ಒಪ್ಪುತ್ತಾರೆ. ಅದೇ ಅವಳ ಭಯ. ಒಪ್ಪಿ, ಮರುದಿನದಿಂದ ಕತ್ತರಿಗಾಗಿ ತಡಕಾಡುತ್ತ ಒಬ್ಬರೇ ಕೂರುತ್ತಾರೆ.

"ಕೇಳಬೇಡಿ," ಎಂದಳು.

ಬಸ್ಸು ಹಾರನ್ ಹೊಡೆಯಿತು. ಪರದೆಯ ಕೆಳಗಿನಿಂದ ಒಂದು ಲಕೋಟೆ ಒಳಗೆ ಬಂತು. ಹೆಜ್ಜೆ ಸದ್ದು ದೂರವಾಯಿತು.

ಎಂಟನೆಯ ಫೋಟೋ. ನೀರಿನಡಿಯಿಂದ ಮೇಲಕ್ಕೆ ತೆಗೆದದ್ದು. ಬಾಗಿ ನೋಡುತ್ತಿದ್ದ ಹೆಂಗಸಿನ ಮುಖ ಅಲೆಯಲ್ಲಿ ಚೂರಾಗಿತ್ತು, ಯಾರದೆಂದು ಯಾರೂ ಹೇಳಲಾರರು. ಹಗ್ಗ ಹಿಡಿದು ನೀರಿಗೆ ಇಳಿಬಿಟ್ಟಿದ್ದ ಕೈ ಮಾತ್ರ ಸ್ಪಷ್ಟ, ಹೆಬ್ಬೆರಳ ಸುಟ್ಟ ಕಲೆಯ ಸಮೇತ. ಅವಳ ಜೀವಮಾನದ ಮೊದಲ ಫೋಟೋ.

ಅಬ್ಬಾ ಬರುವ ಮೊದಲು ಹಮೀದಾ ಅದನ್ನೊಂದು ಚಿಕ್ಕ ತಗಡಿನ ಡಬ್ಬಿಯಲ್ಲಿಟ್ಟು ಸುತ್ತಲೂ ಬೆಸುಗೆ ಹಾಕಿದಳು. ಆರಿದ ಮೇಲೆ ತೊಟ್ಟಿಯಲ್ಲಿ ಒತ್ತಿ ಹಿಡಿದಳು.

ಒಂದು ಗುಳ್ಳೆಯೂ ಏಳಲಿಲ್ಲ. ಎದ್ದೀತೇನೋ ಎಂದು ಅವಳು ನೋಡುತ್ತಲೇ ಇದ್ದಳು.